ಓಡುವವಳಿಗೆ ಹೇಳಿಕೊಟ್ಟ ಪಾಠ

ನನ್ನ ತಂಗಿ ಸುಮಾ ಓಡುತ್ತಾಳೆ. ಅಷ್ಟು ಹೇಳಿದರೆ ಸಾಕು, ಕುಂಬಾರಕೊಪ್ಪಲಿನಲ್ಲಿ ಯಾರೂ ಮುಂದೇನೂ ಕೇಳುವುದಿಲ್ಲ. ನಾನು ಓದುತ್ತೇನೆ ಎಂದರೆ ಮಾತ್ರ ಏನು ಓದುತ್ತೀಯ, ಓದಿ ಏನು ಮಾಡುತ್ತೀಯ, ಮದುವೆ ಯಾವಾಗ ಎಂದು ಸಾಲಾಗಿ ಶುರುವಾಗುತ್ತದೆ. ಎಂಟುನೂರು ಮೀಟರ್ ಓಟದಲ್ಲಿ ಅವಳು ವಿಶ್ವವಿದ್ಯಾನಿಲಯಕ್ಕೇ ಮೊದಲು ಬಂದಾಗ ನಮ್ಮ ಬೀದಿಯ ಮೂಲೆಯಲ್ಲಿ ಫ್ಲೆಕ್ಸ್ ಕಟ್ಟಿದರು. ನಾನು ಪಿಯುಸಿಯಲ್ಲಿ ಕಾಲೇಜಿಗೇ ಮೊದಲು ಬಂದಾಗ ಅಪ್ಪ ಬಾಳೆಹಣ್ಣು ತಂದಿದ್ದರು. ಅದರಲ್ಲೂ ಹೆಚ್ಚು ತಿಂದವಳು ಅವಳೇ, ಓಡುವ ಹುಡುಗಿ ಅಂತ.

ಅವಳಿಗಿಂತ ನಾನು ಒಂದು ವರ್ಷಕ್ಕೆ ದೊಡ್ಡವಳು. ಜೊತೆಗೆ ಹೋಗಿ ಬರಲಿ ಎಂದು ಅಪ್ಪ ಇಬ್ಬರನ್ನೂ ಒಂದೇ ಸಲ ಶಾಲೆಗೆ ಸೇರಿಸಿದ್ದರಿಂದ ಇವತ್ತಿಗೂ ನಮ್ಮದು ಒಂದೇ ಕ್ಲಾಸು, ಬಿ.ಎ. ಎರಡನೇ ವರ್ಷ. ಅಪ್ಪ ಮಹದೇವಸ್ವಾಮಿ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ, ಅವರ ಸಂಬಳ ಮನೆಗೇ ಸರಿಹೋಗುತ್ತದೆ. ಸುಮಾಳದು ಕ್ರೀಡಾ ಕೋಟಾದ ಸೀಟು, ಫೀಸಿಲ್ಲ. ಮೇಲೆ ಹಾಲು, ಮೊಟ್ಟೆ, ಶೂ ಅಂತ ಕಾಲೇಜು ತಿಂಗಳು ತಿಂಗಳು ಭತ್ಯೆ ಕೊಡುತ್ತದೆ. ಅದರಲ್ಲಿ ಉಳಿಸಿ ನನ್ನ ಫೀಸು ಕಟ್ಟುತ್ತಾರೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಎತ್ತಿ ಆಡುವುದಿಲ್ಲ. ಎತ್ತಿ ಆಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ತಂಗಿಯ ಕಾಲಿನ ಮೇಲೆ ತನ್ನ ಓದು ನಿಂತಿದ್ದರೂ ಹೊಟ್ಟೆ ಉರಿಯದ ಅಕ್ಕ ಯಾರಾದರೂ ಇದ್ದರೆ ತೋರಿಸಿ, ಅಡ್ಡ ಬೀಳುತ್ತೇನೆ.

ಈ ವರ್ಷ ಕಾಲೇಜಿನಲ್ಲಿ ಆ ಭತ್ಯೆಯ ಮೇಲೇ ಜಟಾಪಟಿ ಶುರುವಾಯಿತು. ಅರ್ಥಶಾಸ್ತ್ರದ ಚೂಡಾಮಣಿ ಮೇಡಂ, ಕ್ಲಾಸಿಗೇ ಬಾರದವರಿಗೆ ಕಾಲೇಜು ಯಾಕೆ ದುಡ್ಡು ಕೊಡಬೇಕು, ಓಡುವುದಕ್ಕೆ ಕೂಲಿ ಕೊಟ್ಟರೆ ಓದುವವರಿಗೆ ಯಾರು ಕೊಡುತ್ತಾರೆ ಎಂದು ಸ್ಟಾಫ್ ಮೀಟಿಂಗಿನಲ್ಲಿ ಕೇಳಿದರಂತೆ. ದೈಹಿಕ ಶಿಕ್ಷಣದ ಮಂಟೇಸ್ವಾಮಿ ಸರ್ ಬಿಡಲಿಲ್ಲ. ಕಾಲೇಜಿನ ಜಾಹೀರಾತಿಗೆ ಆ ಹುಡುಗಿಯ ಫೋಟೊ ಹಾಕಿ ಅಡ್ಮಿಷನ್ ತುಂಬಿಸಿಕೊಳ್ಳುವಾಗ ಈ ಪ್ರಶ್ನೆ ಎಲ್ಲಿಗೆ ಹೋಗಿತ್ತು, ಬೆಳಗ್ಗೆ ಸಂಜೆ ಬೆವರು ಸುರಿಸುವವಳಿಗೆ ಕೊಡುವುದು ಭಿಕ್ಷೆಯಲ್ಲ ಎಂದರಂತೆ. ಪ್ರಿನ್ಸಿಪಾಲ್ ನಂಜುಂಡಯ್ಯನವರು ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಲ್ಲ ವಿಷಯ ಪಾಸಾದರೆ ಭತ್ಯೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಗೆರೆ ಎಳೆದರು. ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ ಎಂದು ನನಗೆ ಖುಷಿಯಾಯಿತು. ಭತ್ಯೆ ಹೋದರೆ ನನ್ನ ಕಾಲೇಜೂ ಹೋಗುತ್ತದೆ ಎಂಬುದು ಆಮೇಲೆ ನೆನಪಾಯಿತು.

ಉಳಿದ ವಿಷಯಗಳನ್ನು ಹೇಗೋ ದಾಟುತ್ತಿದ್ದಳು, ಅರ್ಥಶಾಸ್ತ್ರದಲ್ಲಿ ಅವಳನ್ನು ಪಾಸು ಮಾಡಿಸುವ ಕೆಲಸ ನನ್ನ ತಲೆಗೇ ಬಂತು. ಕೂರಿಸಿದರೆ ಅವಳಿಗೆ ತೂಕಡಿಕೆ. ಕೊನೆಗೆ ಅಪ್ಪನೇ ಉಪಾಯ ಹೇಳಿದರು. ಬೆಳಗ್ಗೆ ಹೇಗೂ ಓಡುತ್ತಾಳೆ, ನೀನು ಪಕ್ಕದಲ್ಲಿ ಸ್ಕೂಟರಿನಲ್ಲಿ ಹೋಗುತ್ತಾ ಹೇಳಿಕೊಡು ಎಂದರು. ಹಾಗೆ ಕುಂಬಾರಕೊಪ್ಪಲಿನಿಂದ ಹೂಟಗಳ್ಳಿಯವರೆಗೆ ಅವಳು ರಸ್ತೆಯ ಅಂಚಿನಲ್ಲಿ ಓಡುವುದು, ನಾನು ಗಾಡಿಯನ್ನು ಆಮೆಯ ಹಾಗೆ ಬಿಟ್ಟುಕೊಂಡು ಅರ್ಥಶಾಸ್ತ್ರ ಒದರುವುದು. ಪುಸ್ತಕ ಹಿಡಿಯುವ ಅಗತ್ಯವಿರಲಿಲ್ಲ, ನನಗೆ ಎಲ್ಲವೂ ಬಾಯಲ್ಲೇ ಇತ್ತು. ದಾರಿಯಲ್ಲಿ ಸಿಕ್ಕವರೆಲ್ಲ ಅವಳಿಗೆ ಕೈ ಬೀಸುತ್ತಿದ್ದರು. ನನ್ನನ್ನು ಅವಳ ಡ್ರೈವರ್ ಅಂದುಕೊಂಡಿದ್ದರೋ ಏನೋ.

ಬೇಗ ಕಲಿತಳು ಎನ್ನುವುದೇ ನನಗೆ ಹಿಂಸೆ. ರಾಷ್ಟ್ರೀಯ ವರಮಾನ ನೀರಿನ ಟ್ಯಾಂಕಿನ ಹತ್ತಿರ ಇದೆ, ಹಣದುಬ್ಬರ ಬಸ್ ಸ್ಟಾಪಿನ ಹತ್ತಿರ ಇದೆ ಎಂದು ನಗುತ್ತಿದ್ದಳು. ಕಾಲಿಗೆ ಹತ್ತಿದ್ದು ಮರೆತುಹೋಗುವುದಿಲ್ಲವಂತೆ. ನಾನು ರಾತ್ರಿಗಟ್ಟಲೆ ಕೂತು ಕಲಿತದ್ದನ್ನು ಅವಳು ಬೆವರು ಒರೆಸಿಕೊಳ್ಳುತ್ತಾ ಕಲಿತುಬಿಟ್ಟಳು.

ಪರೀಕ್ಷೆಯಲ್ಲಿ ಬೆಂಚಿನ ಕೆಳಗೆ ಕಾಲು ಕುಣಿಸುತ್ತಾ ಬರೆದಳು. ಫಲಿತಾಂಶ ಬಂದಾಗ ಅರ್ಥಶಾಸ್ತ್ರದಲ್ಲಿ ಅವಳಿಗೆ ನನಗಿಂತ ಹೆಚ್ಚು ಅಂಕ. ನಾನು ಪರೀಕ್ಷೆಯ ಕೋಣೆಯಲ್ಲಿ ಬುದ್ಧಿವಂತಿಕೆ ತೋರಿಸಲು ಹೋಗಿ ಒಂದು ಉತ್ತರವನ್ನು ತಿದ್ದಿ ಕೆಡಿಸಿದ್ದೆ. ಅವಳು ನಾನು ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಬರೆದಿದ್ದಳು. ಕಪ್ಪು, ಪದಕ, ಫ್ಲೆಕ್ಸು ಎಲ್ಲ ಅವಳಿಗಿರಲಿ, ಅಂಕವೊಂದು ನನ್ನದು ಅಂದುಕೊಂಡಿದ್ದೆ. ಅದೂ ಹೋಯಿತು.

ಮಾರನೆಯ ದಿನ ಇಬ್ಬರನ್ನೂ ಪ್ರಿನ್ಸಿಪಾಲರ ಕೋಣೆಗೆ ಕರೆಸಿದರು. ಮೇಜಿನ ಮೇಲೆ ನಮ್ಮ ಎರಡು ಉತ್ತರಪತ್ರಿಕೆಗಳಿದ್ದವು. ಇಳಿಮುಖ ತುಷ್ಟಿಗುಣ ನಿಯಮಕ್ಕೆ ನಾನು ಲಷ್ಕರ್ ಮೊಹಲ್ಲಾದ ಚುರುಮುರಿಯ ಉದಾಹರಣೆ ಕೊಟ್ಟಿದ್ದೆ. ಮೊದಲ ಪೊಟ್ಟಣ ಸ್ವರ್ಗ, ಎರಡನೆಯದು ಪರವಾಗಿಲ್ಲ, ಮೂರನೆಯದನ್ನು ಪುಕ್ಕಟೆ ಕೊಟ್ಟರೂ ಬೇಡ ಅಂತ. ಅವಳ ಪತ್ರಿಕೆಯಲ್ಲೂ ಅದೇ ಚುರುಮುರಿ, ಅದೇ ಪುಕ್ಕಟೆ. ನಿನ್ನದೇನೂ ತಪ್ಪಿಲ್ಲ ಅನುಪಮಾ, ಅವಳು ನಿನ್ನದನ್ನು ನೋಡಿ ಬರೆದಳು ಎಂದು ಒಪ್ಪಿಕೊಂಡರೆ ಸಾಕು ಎಂದರು ಚೂಡಾಮಣಿ ಮೇಡಂ. ಮಂಟೇಸ್ವಾಮಿ ಸರ್, ಬೇಕಾದರೆ ಈಗಲೇ ಬಾಯಲ್ಲಿ ಕೇಳಿ ಎಂದರು. ಕೇಳಿದರು. ಕೈಕಟ್ಟಿ, ಕಾಲು ಜೋಡಿಸಿ, ಕಂಬದ ಹಾಗೆ ನಿಂತಿದ್ದ ಸುಮಾಳ ಬಾಯಿಂದ ಒಂದು ಪದವೂ ಹೊರಡಲಿಲ್ಲ.

ಯಾಕೆ ಹೊರಡಲಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಸುಮ್ಮನಿದ್ದರೆ ಸಾಕಿತ್ತು. ಭತ್ಯೆ ಹೋಗುತ್ತಿತ್ತು, ಅದರ ಹಿಂದೆಯೇ ನನ್ನ ಸೀಟೂ ಹೋಗುತ್ತಿತ್ತು. ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವುದು ಅಂತಾರಲ್ಲ, ಅದರ ರುಚಿ ಎಷ್ಟಿರುತ್ತದೆ ಎಂದು ಆಗ ತಿಳಿಯಿತು. ನಾನು ಸುಮ್ಮನೇ ನಿಂತೆ. ಸುಮಾ ನನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಮೇಡಂ ಪತ್ರಿಕೆಯನ್ನು ಮಡಿಸುತ್ತಾ, ಇಷ್ಟನ್ನು ಈ ಹುಡುಗಿಯ ತಲೆಗೆ ತುಂಬುವುದು ಆ ಬ್ರಹ್ಮನಿಂದಲೂ ಆಗುವುದಿಲ್ಲ ಎಂದರು. ಬ್ರಹ್ಮನಿಂದ ಆಗದಿದ್ದರೆ ಬೇಡ, ನಾನು ಮಾಡಿದ್ದೆನಲ್ಲ. ಅಷ್ಟು ದಿನ ಚಳಿಯಲ್ಲಿ ಗಂಟಲು ಹರಿದುಕೊಂಡವಳು ನಾನು. ಅವಳು ಕಾಪಿ ಹೊಡೆದಳು ಎಂದರೆ ನಾನು ಪಾಠವನ್ನೇ ಮಾಡಿಲ್ಲ ಎಂದ ಹಾಗಾಯಿತು. ಕಡೆಗೆ ಅದೂ ನನ್ನದಲ್ಲ ಅನ್ನಿಸಿಕೊಳ್ಳಲೇ?

"ಓಡುಸ್ಬುಟ್ಟು ಕೇಳಿ ಮೇಡಂ, ಹೇಳ್ತಾಳೆ," ಎಂದೆ.

ಎಲ್ಲರೂ ಹೊರಗೆ ಬಂದರು. ಸುಮಾ ಚಪ್ಪಲಿ ಬಿಟ್ಟು, ವೇಲನ್ನು ಸೊಂಟಕ್ಕೆ ಕಟ್ಟಿ, ಧ್ವಜಸ್ತಂಭದ ಸುತ್ತ ಸಣ್ಣಗೆ ಓಡತೊಡಗಿದಳು. ಎರಡು ಸುತ್ತು ಬರುವಷ್ಟರಲ್ಲಿ ಬಾಯಿ ಬಿಚ್ಚಿತು. ರಾಷ್ಟ್ರೀಯ ವರಮಾನ ಬಂತು, ಹಣದುಬ್ಬರ ಬಂತು, ಎಲ್ಲ ನನ್ನ ಮಾತು, ನನ್ನದೇ ಏರಿಳಿತ. ನಡುನಡುವೆ ನಾನು ಬೈದದ್ದೂ ಬರುತ್ತಿತ್ತು. ಸರಿಯಾಗಿ ಕೇಳಿಸಿಕೊ ಕತ್ತೆ, ಆ ಕಡೆ ಏನು ನೋಡುತ್ತೀಯ, ಎಂದು ಅವಳೇ ಹೇಳಿಕೊಂಡು ಓಡುತ್ತಿದ್ದಳು. ಸುತ್ತ ಸೇರಿದ ಹುಡುಗರು ನಗುತ್ತಾ ಮೊಬೈಲ್ ಹಿಡಿದರು. ಪ್ರಿನ್ಸಿಪಾಲರೂ ನಗುತ್ತಿದ್ದರು. ಇವಳಿಗೆ ಇನ್ನೊಂದು ಮೈದಾನ ಕೊಟ್ಟವಳು ನಾನೇ ಆದೆನಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಚುರುಮುರಿಯ ಮೂರನೇ ಪೊಟ್ಟಣ ಮುಗಿಯಿತು. ಅದೇ ಉಸಿರಿನಲ್ಲಿ, ಅದೇ ನನ್ನ ದನಿಯಲ್ಲಿ, ಅವಳು ಮುಂದುವರಿದಳು.

"ನಿನ್ ಕಾಲ್ ಮುರ್ದೋಗ. ಆಗ್ಲಾದ್ರೂ ಜನ ನನ್ ಕಡೆ ನೋಡ್ತಾರೆ. ಬೇಡಿಕೆಯ ನಿಯಮ ಎಂದರೆ, ಬೆಲೆ ಏರಿದಾಗ ಬೇಡಿಕೆ ಇಳಿಯುತ್ತದೆ..."

ನಗು ಇನ್ನೂ ಜೋರಾಯಿತು. ಅಕ್ಕತಂಗಿಯರ ತಮಾಷೆ ಎಂದುಕೊಂಡು ಚೂಡಾಮಣಿ ಮೇಡಂ ಕೂಡ ನಕ್ಕರು, ಸಾಕು ನಿಲ್ಲಿಸಮ್ಮ, ಇದು ಕಾಪಿಯಲ್ಲ ಎಂದು ಒಪ್ಪಿಕೊಂಡರು. ಭತ್ಯೆ ಉಳಿಯಿತು. ಆದರೆ ಆ ಶಾಪ ತಮಾಷೆಯದಾಗಿರಲಿಲ್ಲ. ಹೂಟಗಳ್ಳಿಯ ಕಾರ್ಖಾನೆ ಗೇಟಿನಲ್ಲಿ ಪಾಳಿ ಮುಗಿಸಿ ಬರುವವರು ಅವಳ ಹೆಸರು ಹಿಡಿದು ಕೂಗುವಾಗ, ಹೆಲ್ಮೆಟ್ಟಿನೊಳಗೆ, ಗಾಡಿಯ ಸದ್ದಿನ ಮರೆಯಲ್ಲಿ ನಾನು ದಿನಾ ಗೊಣಗಿಕೊಳ್ಳುತ್ತಿದ್ದ ಮಾತದು. ಕೇಳಿಸುವುದಿಲ್ಲ ಎಂದುಕೊಂಡಿದ್ದೆ.

ಸಂಜೆ ಅವಳನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೊರಟೆ. ಸಿಗ್ನಲಿನಲ್ಲಿ ಗಾಡಿ ನಿಂತಾಗ, ಅದನ್ನು ಯಾಕೆ ಎಲ್ಲರ ಮುಂದೆ ಹೇಳಿದೆ ಎಂದು ಕೇಳಿದೆ. ಬೈಯಲಿ, ಅಳಲಿ, ಅಪ್ಪನಿಗೆ ಹೇಳುತ್ತೇನೆ ಎನ್ನಲಿ ಎಂದು ಕಾದೆ.

"ಅದ್ನ ಬುಟ್ಬುಟ್ರೆ ಮುಂದಿನ ಉತ್ರ ನೆಪ್ಪಾಗಲ್ಲ ಕಣಕ್ಕ," ಎಂದಳು. "ದಿನಾ ಅದಾದ್ಮೇಲೇ ತಾನೆ ನೀನು ಬೇಡಿಕೆ ನಿಯಮ ಹೇಳ್ಕೊಡ್ತಿದ್ದುದು."

ದನಿಯಲ್ಲಿ ಕೋಪವಿರಲಿಲ್ಲ, ಚುಚ್ಚುವ ನಗುವೂ ಇರಲಿಲ್ಲ. ಹಸಿರು ದೀಪ ಬಂತು, ಹಿಂದಿನವರು ಹಾರನ್ ಹೊಡೆದರು. ನನ್ನ ಶಾಪವನ್ನೂ ಪಾಠದ ಜೊತೆಗೇ ಬಾಯಿಪಾಠ ಮಾಡಿ, ದಿನಾ ನನ್ನ ಪಕ್ಕದಲ್ಲೇ ಓಡಿದ್ದಳು. ಅಷ್ಟು ದೊಡ್ಡ ಮನಸ್ಸೂ ಅವಳಿಗೇ ಸಿಕ್ಕಿತಲ್ಲ ಎಂದು ನನ್ನ ಹೊಟ್ಟೆ ಉರಿಯಿತು.