ಬೆನ್ನಿನ ಹೊಲಿಗೆ

ಲಕ್ವ ಹೊಡೆದು ಟೈಲರಮ್ಮನ ಬಲಗೈ ಬಿದ್ದುಹೋದ ಮೇಲೆ ಅವಳ ಬಾಯಲ್ಲಿ ಉಳಿದದ್ದು ಮೂರೇ ಮಾತು: ನೀರು, ಬೇಡ, ಬಿಚ್ಚು.

ಮೊದಲಿನ ಎರಡು ಯಾರ ಬಾಯಲ್ಲಾದರೂ ಬರುವಂಥವು. ಮೂರನೆಯದು ಅವಳ ಕಸುಬಿನ ಮಾತು. ಅಂಗಡಿಯಿಂದ ಹೊರಗೆ ಹೋಗುವ ಪ್ರತಿಯೊಂದು ಬಟ್ಟೆಯನ್ನೂ ಅವಳು ಒಳಮೈ ಹೊರಗೆ ಮಾಡಿ, ಹೊಲಿಗೆಯುದ್ದಕ್ಕೂ ಹೆಬ್ಬೆರಳು ಓಡಿಸಿ, ಬೆರಳು ಎಲ್ಲಿ ತಡೆಯಿತೋ ಅಲ್ಲಿ ನಿಲ್ಲಿಸಿ "ಬಿಚ್ಚು" ಎನ್ನುತ್ತಿದ್ದಳು. ಬಿಚ್ಚಬೇಕಾದವಳು ಯಾವಾಗಲೂ ಕಿರಿಯ ಮಗಳೇ. ಹದಿಮೂರಕ್ಕೆ ಶಾಲೆ ಬಿಟ್ಟು ತಾಯಿಯ ಮೇಜಿನ ಎದುರು ಬದಿಗೆ ಬಂದು ನಿಂತವಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಯಾರು ಏನು ಕೇಳಿದರೂ ತಲೆಯಾಡಿಸಿಯೇ ಉತ್ತರ ಕೊಡುತ್ತಿದ್ದುದರಿಂದ ಗಿರಾಕಿಗಳು ಅವಳಿಗೆ ಪಿನ್ನಿ ಎಂದು ಹೆಸರಿಟ್ಟರು. ಬಾಯಲ್ಲಿ ಪಿನ್ನು ಇಲ್ಲದಿದ್ದಾಗಲೂ ಅವಳು ಮಾತಾಡುವವಳಲ್ಲ ಎಂಬುದು ಅವರಿಗೆ ಆಮೇಲೆ ತಿಳಿಯಿತು. ಈಗ ಅವಳಿಗೆ ಇಪ್ಪತ್ತಮೂರು. ಈ ಹತ್ತು ವರ್ಷದಲ್ಲಿ ಅವಳು ಹೊಲಿದ ಒಂದೇ ಒಂದು ಬಟ್ಟೆಯೂ ಆ ಹೆಬ್ಬೆರಳನ್ನು ಮೊದಲ ಸಲಕ್ಕೇ ದಾಟಿರಲಿಲ್ಲ.

"ನೋಡೇ, ನಮ್ಮಿಬ್ಬರ ಹೆಸರೂ ಮರೆತುಹೋಯ್ತು ಅಮ್ಮಂಗೆ. 'ಬಿಚ್ಚು' ಮಾತ್ರ ಮರೀಲಿಲ್ಲ," ಎಂದು ಅಕ್ಕ ಆಸ್ಪತ್ರೆಯಲ್ಲಿ ನಕ್ಕಿದ್ದಳು. ನಗುತ್ತಲೇ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಿದ್ದಳು.

ಆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಾಕುತ್ತಿದ್ದುದು ಬೆನ್ನು ಪೂರ್ತಿ ತೆರೆದ, ಹಿಂದೆ ಎರಡು ಲಾಡಿ ಕಟ್ಟುವ ಅಂಗಿ. ಊರಿನ ಅರ್ಧ ಹೆಂಗಸರ ಬೆನ್ನು ಮುಚ್ಚಿದ್ದ ಟೈಲರಮ್ಮ ಹದಿನೇಳು ದಿನ ಎಡಗೈಯನ್ನು ಹಿಂದಕ್ಕೆ ತಿರುಚಿ, ಅದರ ಎರಡು ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದ್ದಳು. ನಿದ್ದೆ ಹತ್ತಿದರೂ ಮುಷ್ಟಿ ಸಡಿಲವಾಗುತ್ತಿರಲಿಲ್ಲ. ಪಿನ್ನಿ ಅದನ್ನು ದಿನವೂ ನೋಡುತ್ತ ಕೂತಿರುತ್ತಿದ್ದಳು.

ಮನೆಗೆ ಬಂದ ಮೇಲೆ ಅಮ್ಮ ಎರಡು ಸಲ ಬಿದ್ದಳು. ಎರಡು ಸಲವೂ ಪಿನ್ನಿ ಕೆಳಗೆ ಹೋಗಿದ್ದಾಗ. ಮನೆಯೂ ಅಂಗಡಿಯೂ ಒಂದೇ ಕೋಣೆ, ಮೂರನೆಯ ಮಹಡಿ, ಕಡಿದಾದ ಮೆಟ್ಟಿಲು. ಎರಡನೆಯ ಸಲ ಬಿದ್ದವಳು ಮಂಚದ ಕಾಲಿನ ಹತ್ತಿರ ಒಂದು ಗಂಟೆ ಹಾಗೇ ಬಿದ್ದಿದ್ದಳು. ಆ ಗುರುವಾರ ಅಕ್ಕ ಬಂದು, ಚಪ್ಪಲಿ ಕೂಡ ಬಿಡದೆ, ಬಾಗಿಲಲ್ಲೇ ನಿಂತು ಹೇಳಿದಳು:

"ಸೋಮವಾರ ಹತ್ತು ಗಂಟೆಗೆ ಆರೈಕೆ ಮನೆಯವರು ಗಾಡಿ ತರ್ತಾರೆ. ಅಮ್ಮ ಇನ್ನು ಅಲ್ಲೇ ಇರ್ಲಿ. ಎಲ್ಲಾ ಮಾತಾಡಿದ್ದಾಯ್ತು."

"ನಾನು ನೋಡ್ಕೋತೀನಿ," ಎಂದಳು ಪಿನ್ನಿ.

"ಏನು ನೋಡ್ಕೋತೀಯೇ? ಮೂರನೇ ಸಲ ಬೀಳೋವಾಗ ನೀನೂ ಜೊತೆಗೆ ಬೀಳ್ತೀಯ. ನಿನ್ನ ಮೈಯಲ್ಲಿ ಎರಡು ಮೂಳೆ ಬಿಟ್ರೆ ಇನ್ನೇನಿದೆ? ನಂಗೇನು ಖುಷೀನಾ ಇದು?"

ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಎಲ್ಲವನ್ನೂ ಕೇಳಿಸಿಕೊಂಡ ಅಮ್ಮ ಎಡಗೈ ಎತ್ತಿ ಬೀರುವಿನ ಮೇಲ್ಭಾಗ ತೋರಿಸಿದಳು. ಅಲ್ಲಿ ಹಳೆಯ ಹಾಸಿಗೆಹೊದಿಕೆಯಲ್ಲಿ ಸುತ್ತಿಟ್ಟ ಬೂದುನೀಲಿ ಲಿನನ್ ತುಂಡು ಇತ್ತು. ಅದರೊಳಗೆ ಪ್ಯಾಟರ್ನಿನ ಲಕೋಟೆ. ಲಕೋಟೆಯ ಮೇಲೆ ಟೋಪಿ ಹಾಕಿಕೊಂಡ ಹೆಂಗಸೊಬ್ಬಳು ಸಡಿಲವಾದ ಬೇಸಿಗೆ ಡ್ರೆಸ್ಸಿನಲ್ಲಿ ಎಲ್ಲಿಗೋ ಹೊರಟು ನಿಂತಿದ್ದಳು. ಕಳೆದ ಚಳಿಗಾಲದಲ್ಲಿ ಅಮ್ಮ ಆ ಪ್ಯಾಟರ್ನನ್ನು ತನ್ನ ಅಳತೆಗೆ ಬೇರೆ ಕಾಗದದ ಮೇಲೆ ಇಳಿಸಿಕೊಂಡಿದ್ದಳು. "ಈ ಬೇಸಿಗೆಗೆ ನಂಗೂ ಒಂದು," ಎಂದಿದ್ದಳು. ಕಾಗದದ ಮೇಲೆ ಪೆನ್ಸಿಲಿನಲ್ಲಿ ಅವಳದೇ ಅಕ್ಷರ, ನೆಟ್ಟಗೆ, ಒಂದೂ ವಾಲದೆ. ಬಲಗೈ ಬರೆದ ಕೊನೆಯ ಅಕ್ಷರಗಳು.

"ಇದನ್ನ ಹಾಕ್ಕೊಂಡು ಹೋಗ್ಬೇಕಾ ಅಮ್ಮಾ?"

ಅಮ್ಮ ಕಣ್ಣು ಮುಚ್ಚಿ ತೆರೆದಳು. ಅದು ಹೌದು ಎಂಬುದರ ಗುರುತು.

"ಹೊರಟಿರೋದು ಎಲ್ಲಿಗೆ, ಇವಳ ಅಲಂಕಾರ ನೋಡು," ಎಂದಳು ಅಕ್ಕ. ಆದರೆ ಸ್ಟೂಲು ಎಳೆದುಕೊಂಡು ಹತ್ತಿ ಬಟ್ಟೆ ಇಳಿಸಿಕೊಟ್ಟವಳೂ ಅವಳೇ.

ಪಿನ್ನಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ನಾಲ್ಕು ದಿನ, ಒಂದು ಡ್ರೆಸ್ಸು. ಅಮ್ಮನ ಹೆಬ್ಬೆರಳು ನೋಡುವ ಕೊನೆಯ ಬಟ್ಟೆ ಇದೇ. ಇದೊಂದನ್ನಾದರೂ ಅದು ತಡೆಯದೆ ದಾಟಬೇಕು.

ಲಿನನ್ ನೀರು ಕಂಡರೆ ಕುಗ್ಗುವ ಬಟ್ಟೆ. ಹಾಗಾಗಿ ಮೊದಲು ಬಿಸಿನೀರಲ್ಲಿ ನೆನೆಸಿ, ಒಣಗಿಸಿ, ಅರೆಹಸಿ ಇರುವಾಗಲೇ ಇಸ್ತ್ರಿ ಹಾಕಿದಳು. ಶನಿವಾರ ಬೆಳಗ್ಗೆ ಕತ್ತರಿಸಲು ನಿಂತಳು. ಇಷ್ಟು ವರ್ಷ ಅಮ್ಮ ಕಿಟಕಿಯ ಬದಿ, ಪಿನ್ನಿ ಗೋಡೆಯ ಬದಿ. ಈಗ ಕಿಟಕಿಯ ಬದಿ ಖಾಲಿ, ಬೆಳಕೆಲ್ಲ ಅಲ್ಲೇ. ಅವಳು ಸ್ವಲ್ಪ ಹಿಂಜರಿದು ಆ ಬದಿಗೆ ಹೋಗಿ ನಿಂತಳು. ಬಟ್ಟೆಯನ್ನು ಮಡಿಸಿ ಹಾಸಿದಳು. ಮೇಲೆ ಕಾಗದ ಇಟ್ಟು ಪಿನ್ನು ಚುಚ್ಚಿದಳು. ಕತ್ತರಿ ಆಡಿಸಿದಳು.

ಮಂಚದ ಮೇಲಿಂದ ಅಮ್ಮ "ಬೇಡ" ಎಂದಳು. ಮತ್ತೆ ಗಟ್ಟಿಯಾಗಿ, "ಬೇಡ, ಬೇಡ!"

ಅಲ್ಲಿಗೆ ಹೋಗುವುದು ಬೇಡ ಎನ್ನುತ್ತಿದ್ದಾಳೆ ಎಂದುಕೊಂಡಳು ಪಿನ್ನಿ. "ನಂಗೂ ಬೇಡಮ್ಮಾ," ಎಂದು ತಲೆಯೆತ್ತದೆ ಕತ್ತರಿಸುತ್ತಲೇ ಹೋದಳು.

ಬೆನ್ನಿನ ತುಂಡನ್ನು ಬಿಡಿಸಿದಾಗ ಅದು ಎರಡಾಗಿ ಕೈಗೆ ಬಂತು.

ಬೆನ್ನಿನ ಪ್ಯಾಟರ್ನು ಅರ್ಧ ಮಾತ್ರ ಇರುತ್ತದೆ. ಅದರ ನೇರ ಅಂಚು ಬಟ್ಟೆಯ ಮಡಿಕೆಯ ಮೇಲೆ ಕೂರಬೇಕು. ಆಗ ಬಿಡಿಸಿದರೆ ಬೆನ್ನು ಒಂದೇ ತುಂಡಾಗಿ ಬರುತ್ತದೆ. ಅಮ್ಮ ಮಡಿಕೆಯನ್ನು ಯಾವಾಗಲೂ ತನ್ನ ಕಡೆಗೆ, ಕಿಟಕಿಯ ಕಡೆಗೆ ಇಟ್ಟುಕೊಳ್ಳುತ್ತಿದ್ದಳು. ಪಿನ್ನಿಯ ಕಣ್ಣಿಗೆ ಹತ್ತು ವರ್ಷವೂ ಮಡಿಕೆ ಇದ್ದದ್ದು ಮೇಜಿನ ಆಚೆ. ಇವತ್ತು ಅಮ್ಮನ ಜಾಗದಲ್ಲಿ ನಿಂತು, ಮಡಿಕೆಯನ್ನು ರೂಢಿಯಂತೆ ಆಚೆಗೇ ಇಟ್ಟು, ಕಾಗದವನ್ನು ಮಾತ್ರ ಅಮ್ಮ ಇಡುತ್ತಿದ್ದ ಹಾಗೆ ತನ್ನ ಕಡೆಯ ಅಂಚಿಗೆ ಕೂರಿಸಿದ್ದಳು. ಬಟ್ಟೆಯ ತೆರೆದ ಅಂಚಿಗೆ. ಕಾಗದದ ಆ ಅಂಚಿನಲ್ಲಿ ಅಮ್ಮನ ಪೆನ್ಸಿಲು ಬರೆದಿತ್ತು: ಮಡಿಕೆ ಇಲ್ಲಿ.

ಅವಳು ಎರಡು ತುಂಡನ್ನೂ ಹಿಡಿದು ಮಂಚದ ಕಡೆ ತಿರುಗಿದಳು. ಅಮ್ಮ ಆಗಲೇ ಗೋಡೆಯ ಕಡೆ ಮುಖ ಮಾಡಿದ್ದಳು.

ಮತ್ತೊಂದು ಬೆನ್ನು ಕತ್ತರಿಸುವಷ್ಟು ಬಟ್ಟೆ ಉಳಿದಿರಲಿಲ್ಲ. ಉಳಿದದ್ದು ಒಂದೇ ದಾರಿ, ಎರಡನ್ನೂ ನಡುವೆ ಕೂಡಿಸಿ ಹೊಲಿಯುವುದು. ಎರಡು ಬೆರಳಗಲ ಬಟ್ಟೆ ಒಳಗೆ ಹೋಗುತ್ತದೆ, ಹೋಗಲಿ. ಅಮ್ಮನ ಮೈ ಅಳತೆಗಿಂತ ಎಷ್ಟೋ ಇಳಿದಿತ್ತು. ಯಂತ್ರಕ್ಕೆ ಕೊಡಲು ಧೈರ್ಯ ಸಾಲದೆ ಪಿನ್ನಿ ಆ ಹೊಲಿಗೆಯನ್ನು ಕೈಯಲ್ಲೇ ಹಾಕಿದಳು. ಅಕ್ಕಿಕಾಳಿನ ಅರ್ಧದಷ್ಟು ಸಣ್ಣ ಹೊಲಿಗೆ, ಪ್ರತಿಯೊಂದೂ ಹಿಂದಕ್ಕೆ ಹೋಗಿ ಮುಂದೆ ಬಂದದ್ದು.

ಭಾನುವಾರ ಮಧ್ಯಾಹ್ನ ಡ್ರೆಸ್ಸನ್ನು ಒಳಮೈ ಹೊರಗೆ ಮಾಡಿ ಅಮ್ಮನ ತೊಡೆಯ ಮೇಲೆ ಹರಡಿದಳು. ಹಳೆಯ ಹೆಬ್ಬೆರಳು ಬಲಗೈಯದು. ಇದು ಎಡಗೈಯದು, ಕಸುಬು ಕಲಿಯದ್ದು. ಅದು ಕಂಕುಳಿನಿಂದ ಕೆಳಗಿಳಿಯಿತು, ತೋಳು ಸುತ್ತಿತು, ಬೆನ್ನಿಗೆ ಬಂತು. ಇರಬಾರದಿದ್ದ ಆ ಹೊಲಿಗೆಯ ಮೇಲೆ ಕೊರಳಿನಿಂದ ಹೊರಟು, ನಿಧಾನವಾಗಿ, ಅಂಚಿನವರೆಗೆ ಹೋಯಿತು. ಮತ್ತೆ ಮೇಲಿಂದ ಶುರುಮಾಡಿತು. ಎಲ್ಲೂ ನಿಲ್ಲಲಿಲ್ಲ.

ಪಿನ್ನಿ ಆ ಒಂದು ಮಾತಿಗಾಗಿ ಕಾದಳು. ಅಮ್ಮ "ಬಿಚ್ಚು" ಎನ್ನಲಿಲ್ಲ. ಡ್ರೆಸ್ಸನ್ನು ಎರಡು ಸಲ ತಟ್ಟಿ, ಅದರ ಮೇಲೆ ಕೈ ಇಟ್ಟುಕೊಂಡು ಕೂತಳು.

ಸೋಮವಾರ ಅದನ್ನು ತಲೆಯ ಮೇಲಿಂದ ತೊಡಿಸಲು ಅಕ್ಕ ತಂಗಿ ಇಬ್ಬರಿಗೂ ಅರ್ಧ ಗಂಟೆ ಹಿಡಿಯಿತು. ಸತ್ತ ತೋಳನ್ನು ಎತ್ತುವಾಗ ಅಮ್ಮ ಒಂದು ಸಲ ಕಿರುಚಿದಳು. ಆದರೂ ಕೂದಲು ಬಾಚಿ ಕುರ್ಚಿಯಲ್ಲಿ ಕೂರಿಸಿದಾಗ ಅಕ್ಕ, "ಅಬ್ಬಾ, ಟೈಲರಮ್ಮ ಮತ್ತೆ ಬಂದ್ಲಪ್ಪಾ," ಎಂದಳು. ಅಮ್ಮನ ಬಾಯಿಯ ನೆಟ್ಟಗಿದ್ದ ಅರ್ಧ ನಕ್ಕಿತು.

ಹತ್ತಕ್ಕೆ ಆರೈಕೆ ಮನೆಯ ಹೆಂಗಸು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ದೊಡ್ಡ ಮೈ, ಒಳ್ಳೆಯ ಮುಖ. ಅಮ್ಮನ ಬಲಭುಜವನ್ನು ಮೆಲ್ಲಗೆ ಒತ್ತಿ ನೋಡಿ ತಲೆಯಾಡಿಸಿದಳು.

"ಬಟ್ಟೆ ಚೆನ್ನಾಗಿದೆ ಕಣಮ್ಮಾ. ಆದ್ರೆ ತಲೆ ಮೇಲಿಂದ ಹಾಕೋದು ಅಲ್ಲಿ ನಡೆಯಲ್ಲ. ನಾನೊಬ್ಬಳು, ನಂಗೆ ಹನ್ನೆರಡು ಜನ. ಈ ಭುಜ ಇನ್ನು ನಾಲ್ಕು ಸಲ ಎತ್ತಿದ್ರೆ ಕೀಲೇ ಜಾರಿಹೋಗುತ್ತೆ. ಹಿಂದೆ ತೆರೆಯೋ ಬಟ್ಟೆ ಮಾತ್ರ." ಚೀಲದಿಂದ ಒಂದು ಅಂಗಿ ತೆಗೆದಳು. ಬಿಳಿಯದು, ಹಿಂದೆ ಎರಡು ಲಾಡಿ. "ಮಲಗಿಸಿ ಇದನ್ನ ಹಾಕಿಬಿಡೋಣ. ಎರಡು ನಿಮಿಷದ ಕೆಲಸ."

ಅಮ್ಮನ ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಅಲ್ಲಿ ಹಿಡಿಯಲು ತೆರೆದ ಅಂಚು ಇರಲಿಲ್ಲ; ಹೊಲಿಗೆ ಇತ್ತು. ಹೆಬ್ಬೆರಳು ಅದರ ಮೇಲೆ ಸ್ವಲ್ಪ ದೂರ ಹೋಗಿ ನಿಂತಿತು.

"ಬಿಚ್ಚು," ಎಂದಳು ಅಮ್ಮ.

"ಇಲ್ಲಮ್ಮಾ." ಪಿನ್ನಿಯ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಅದು ಸರಿಯಾಗಿದೆ. ನಿನ್ನೆ ನೀನೇ ನೋಡಿದೆಯಲ್ಲ. ಎಲ್ಲೂ ತಪ್ಪಿಲ್ಲ."

"ಬಿಚ್ಚು."

ಅಕ್ಕ ಪಿನ್ನಿಯ ಭುಜದ ಮೇಲೆ ಕೈ ಇಟ್ಟಳು. "ಬಿಚ್ಚೇ. ಆ ಬಿಳಿ ಅಂಗಿ ಹಾಕಿಸ್ಕೊಳ್ಳೋದಕ್ಕಿಂತ ಹಿಂದೆ ಬಿಚ್ಚಿದ್ರೂ ಇದೇ ವಾಸಿ ಅಂತಿದ್ದಾಳೆ."

ಪಿನ್ನಿ ಹೊಲಿಗೆ ಬಿಚ್ಚುವ ಕೊಕ್ಕೆ ತಂದು ಕುರ್ಚಿಯ ಹಿಂದೆ ಮಂಡಿಯೂರಿದಳು. ಹೊಲಿಗೆ ಸಣ್ಣದು, ಬಿಗಿ. ಕೊಕ್ಕೆಯ ಮೊನೆ ಒಳಗೆ ಹೋಗಲೇ ಒಲ್ಲದು. "ಕತ್ತರಿ ಹಾಕಿ ಎಳೆದುಬಿಡಮ್ಮಾ, ಗಾಡಿ ಕಾಯ್ತಿದೆ," ಎಂದಳು ಹೆಂಗಸು. ಪಿನ್ನಿ ಆಗದೆಂದು ತಲೆಯಾಡಿಸಿದಳು. ಒಂದೊಂದೇ ಎಳೆ ಕಡಿದಳು. ಬಟ್ಟೆ ಬಿಗಿಯಾಗಿರಲೆಂದು ಅಮ್ಮ ಎಡಗೈ ಹಿಂದೆ ತಂದು ಕೊರಳಿನ ಅಂಚನ್ನು ಎಳೆದು ಹಿಡಿದಳು. ಮೇಜಿನ ಆಚೆ ನಿಂತು ಹಿಡಿಯುತ್ತಿದ್ದ ಹಾಗೆಯೇ. ಹೊಲಿಗೆ ಇಳಿದಂತೆ ಬೆನ್ನು ಕಾಣಿಸಿತು. ಬೆಳ್ಳಗೆ, ಮೂಳೆ ಮೂಳೆಯಾಗಿ, ಎರಡನೆಯ ಸಲ ಬಿದ್ದಾಗಿನ ಹಳದಿ ಕಲೆಯ ಸಮೇತ. ಅಂಚಿನ ಎಳೆ ಬಿಡದ ಹಾಗೆ ಎರಡೂ ಕಡೆ ಮಡಿಚಿ ಓಡುಹೊಲಿಗೆ ಹಾಕಿ, ಉಳಿದ ಚೂರಿನಿಂದ ಎರಡು ಲಾಡಿ ಮಾಡಿ ಕೊರಳಿಗೂ ಸೊಂಟಕ್ಕೂ ಕೂರಿಸಿದಳು. ಅವಸರದ ಹೊಲಿಗೆ. ಎಲ್ಲಿ ತಪ್ಪಿದೆ ಎಂದು ಅವಳಿಗೆ ಗೊತ್ತಿತ್ತು.

ಕುರ್ಚಿ ಸಮೇತ ಕೆಳಗಿಳಿಸಿದರು. ಗಾಡಿಯಲ್ಲಿ ಕೂರಿಸಿದ ಕೂಡಲೇ ಅಮ್ಮ ಬೆನ್ನ ಹಿಂದೆ ಕೈ ತಂದು ಎರಡು ಅಂಚನ್ನು ಕೂಡಿಸಿ ಹಿಡಿದಳು. ಹೆಬ್ಬೆರಳು ಹೊಸ ಹೊಲಿಗೆಯ ಮೇಲೆ ಚಲಿಸಿತು. ಸೊಂಟದ ಲಾಡಿಯ ಹತ್ತಿರ, ತಪ್ಪಿದ್ದ ಕಡೆಯೇ, ತಡೆದು ನಿಂತಿತು. ಅಮ್ಮ ಕತ್ತು ತಿರುಗಿಸಿ ಪಿನ್ನಿಯನ್ನು ನೋಡಿದಳು. ಬಾಯಿ ತೆರೆದಳು.

ಅಷ್ಟರಲ್ಲಿ ಗಾಡಿಯ ಬಾಗಿಲು ಹಾಕಿದರು.