ಆರು ಸೆಂಟಿಮೀಟರ್ ತರಗೆಲೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಣ್ಣು ಸರ್ವೆ ಕಚೇರಿಯಲ್ಲಿ ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಎನ್ನುತ್ತಾರೆ. ಗುಂಡಿ ತೋಡಲು ಬಂದ ಆಳುಗಳು ಯಾರೂ ನನ್ನ ಜೊತೆ ಎರಡು ವಾರ ನಿಂತದ್ದಿಲ್ಲ. ಕೊನೆಗೆ ಉಳಿದವನು ನನ್ನ ಸೋದರಮಾವ ಒಬ್ಬನೇ. ಅಮ್ಮನ ತಮ್ಮ. ಬಾವಿ, ಪಾಯ, ಚರಂಡಿ ಎಂದು ನಲವತ್ತು ವರ್ಷ ನೆಲ ಅಗೆದವನು. ಊರೆಲ್ಲ ಅವನನ್ನು ಹೆಗ್ಗಣ ಎಂದೇ ಕರೆಯುತ್ತಿತ್ತು. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. "ಹೆಗ್ಗಣ ಅಂದ್ರೆ ತಪ್ಪೇನು? ಅದಕ್ಕೂ ಸ್ವಂತ ಮನೆ ಇರುತ್ತೆ," ಎನ್ನುತ್ತಿದ್ದ.

ನಮ್ಮ ಕೆಲಸ ಕೇಳಲು ಸುಲಭ. ಮಾವ ಗುಂಡಿ ತೋಡಬೇಕು, ಒಂದು ಗೋಡೆಯನ್ನು ಚಾಕುವಿನಿಂದ ಕೆರೆದು ಹಸನು ಮಾಡಬೇಕು, ಮೇಲಿನಿಂದ ಕೆಳಕ್ಕೆ ಟೇಪು ನೇತುಹಾಕಬೇಕು. ನಾನು ಫೋಟೋ ತೆಗೆದು, ಯಾವ ಆಳದಲ್ಲಿ ಮಣ್ಣಿನ ಬಣ್ಣ ಯಾವುದು, ಕಲ್ಲೆಷ್ಟು, ಬೇರುಗಳೆಷ್ಟು ಎಂದು ಬರೆದುಕೊಳ್ಳಬೇಕು. ಇದರಲ್ಲಿ ಮಾವನ ತಲೆಗೆ ಹತ್ತದೆ ಹೋದದ್ದು ಒಂದೇ ಒಂದು ಸಂಗತಿ. ಕಾಡಿನ ನೆಲದ ಮೇಲೆ ಕೊಳೆತ ಎಲೆಯ ಹೊದಿಕೆ ಇರುತ್ತದೆ. ಟೇಪಿನ ಸೊನ್ನೆ ಅದರ ಮೇಲೆ ಕೂರಬಾರದು. ಎಲೆ ಸರಿಸಿ, ಮಣ್ಣಿನ ಮೇಲೆ ಕೂರಬೇಕು. ಮಾವನ ಲೆಕ್ಕದಲ್ಲಿ ಕಾಲಿಟ್ಟ ಕಡೆಯೆಲ್ಲ ನೆಲವೇ.

"ಎಲೆ ಮಣ್ಣಾ ಮಾವ? ಮಂಚ ಅಳಿ ಅಂದ್ರೆ ಹಾಸಿಗೆ ಸೇರಿಸಿ ಅಳೀತೀಯಾ?" ಎಂದು ನಾಲ್ಕು ಜನರ ಮುಂದೆ ಬೈದಿದ್ದೇನೆ. ಒಮ್ಮೆ ಕಚೇರಿಯ ವರಾಂಡದಲ್ಲಿ, ಜವಾನನ ಎದುರಿಗೇ, "ನಿನಗೆ ಹೇಳೋದಕ್ಕಿಂತ ಗೋಡೆಗೆ ಹೇಳೋದು ವಾಸಿ" ಎಂದೂ ಅಂದಿದ್ದೇನೆ. ಅಂದು ಅವನು ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನೆಲ ನೋಡುತ್ತಿದ್ದ. ಆಮೇಲಿಂದ ಪ್ರತಿ ಗುಂಡಿಯಲ್ಲೂ ನಾನು "ಎಲೆ ತೆಗೆದ್ಯಾ?" ಎಂದು ಕೇಳುವುದು, ಅವನು "ತೆಗೆದೆ ತಾಯಿ, ತೆಗೆದೆ" ಎನ್ನುವುದು ರೂಢಿಯಾಯಿತು. ದಾರಿಗೆ ಬಂದನಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಆ ದಿನ ಹನ್ನೆರಡನೆಯ ಗುಂಡಿ. ಬೆಟ್ಟದ ನಡುವಿನ ಕಣಿವೆಯಲ್ಲಿ, ಹೊಳೆಗಿಂತ ಎರಡಾಳು ಎತ್ತರದಲ್ಲಿ, ಮೆಟ್ಟಿಲಿನಂತೆ ಮಟ್ಟಸವಾಗಿ ಚಾಚಿದ ಕಾಡುನೆಲ. ಯಾವುದೋ ಕಾಲದಲ್ಲಿ ಹೊಳೆಯೇ ತಂದು ಹರಡಿದ ನೆಲ ಅದು. ಗುದ್ದಲಿ ಹಾಕಿದಲ್ಲೆಲ್ಲ ಉರುಟುಗಲ್ಲು. ಕಲ್ಲಿರುವ ನೆಲದಲ್ಲಿ ನೀರು ನಿಲ್ಲದು ಎಂದು ಜನ ತಿಳಿಯುತ್ತಾರೆ. ಆದರೆ ಇಲ್ಲಿ ಒಂದು ಮೀಟರಿನ ಕೆಳಗೆ ಗಟ್ಟಿ ಅಂಟುಮಣ್ಣಿನ ಪದರ. ಮೇಲಿನಿಂದ ಇಳಿದ ನೀರಿಗೆ ಅಲ್ಲಿಂದ ಮುಂದೆ ದಾರಿಯಿಲ್ಲ. ಅದು ಕಲ್ಲುಗಳ ಸಂದಿಯಲ್ಲೇ ತುಂಬುತ್ತ ಮೇಲೇರುತ್ತದೆ. ವಾರಗಟ್ಟಲೆ ನೀರು ನಿಂತ ಮಣ್ಣಿನಲ್ಲಿ ಬೂದು ಬಣ್ಣವೂ ತುಕ್ಕಿನ ಚುಕ್ಕೆಯೂ ಮೂಡುತ್ತವೆ. ಆ ಚುಕ್ಕೆ ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗೆ ನೀರು ಏರುತ್ತದೆ ಎಂದು ಅರ್ಥ. ನಾನು ಪುಸ್ತಕದಲ್ಲಿ ಬರೆದುಕೊಂಡೆ: ತರಗೆಲೆ ಆರು ಸೆಂಟಿಮೀಟರ್. ಚುಕ್ಕೆ ಶುರು, ನಲವತ್ತೈದು. ಗುಂಡಿಯ ಆಳ ನೂರಹತ್ತು. ನೀರು ಅರೆಬರೆ ಬಸಿಯುವ ನೆಲ.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಬೆಟ್ಟದಲ್ಲಿ ಮಳೆ ಹಿಡಿದದ್ದು ಕಾಣಿಸಿತು. ನಮ್ಮ ತಲೆಯ ಮೇಲೆ ಒಂದು ಹನಿಯೂ ಇಲ್ಲ. ಮಾವ ಕೊನೆಯ ಚೀಲಕ್ಕೆ ತಳದ ಮಣ್ಣು ತುಂಬಲು ಗುಂಡಿಯೊಳಗೆ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ನೋಡಿ ಬರೆದ ಗೋಡೆ, ಅವನು ಅಷ್ಟು ಹಸನಾಗಿ ಕೆರೆದ ಗೋಡೆ, ಒಮ್ಮೆಲೇ ಕುಸಿಯಿತು. ಅಕ್ಕಿಮೂಟೆಯಷ್ಟು ದಪ್ಪದ ಕಲ್ಲೊಂದು ಅವನನ್ನು ಹಿಂದಕ್ಕೆ ಕೆಡವಿ, ಎರಡೂ ಕಾಲುಗಳ ಮೇಲೆ ಕೂತುಬಿಟ್ಟಿತು. ಬೆನ್ನು ಎದುರು ಗೋಡೆಗೆ ಒತ್ತಿಕೊಂಡು ಅವನು ಕಾಲು ಚಾಚಿ ಕೂತವನಂತೆ ಸಿಕ್ಕಿಕೊಂಡ. ಒಂದೇ ಸಲ ಕೂಗಿದ. ಆಮೇಲೆ ಹಲ್ಲು ಕಚ್ಚಿಕೊಂಡು, "ಹಾರೆ ತಾ" ಎಂದ.

ಹಾರೆ ಹಾಕಿ ಮೀಟಿದೆ. ಊರಲು ಗಟ್ಟಿ ಜಾಗವೇ ಇಲ್ಲ. ಹಾರೆ ಜಾರಿದಾಗಲೆಲ್ಲ ಪಕ್ಕದ ಗೋಡೆಯಿಂದ ಕಲ್ಲು ಉದುರಿತು. ಅಷ್ಟರಲ್ಲಿ ಅವನ ಸೊಂಟದ ಸುತ್ತ ಮಣ್ಣು ಹೊಳೆಯತೊಡಗಿತು. ಮೊದಲು ಬೆವರು ಎಂದುಕೊಂಡೆ. ಅದು ನೀರು.

ಬಕೆಟ್ಟಿನಿಂದ ಎತ್ತಿ ಸುರಿದೆ. ನೂರು ಬಕೆಟ್ ಎಣಿಸಿದೆ. ಒಂದು ಬೆರಳಿನಷ್ಟು ಇಳಿಯಿತು, ಉಸಿರು ತೆಗೆದುಕೊಳ್ಳಲು ನಿಂತರೆ ಎರಡು ಬೆರಳು ಏರಿತು. ಫೋನಿಗೆ ಸಿಗ್ನಲ್ ಇಲ್ಲ. ರಸ್ತೆಗೆ ಒಂದು ಗಂಟೆಯ ದಾರಿ. ಅಲ್ಲಿ ಮೋರಿ ಕಟ್ಟುವವರು ಕೆಲಸ ಮಾಡುತ್ತಿದ್ದುದನ್ನು ಬೆಳಿಗ್ಗೆ ನೋಡಿದ್ದೆವು.

"ನೀನು ಹೋಗು," ಎಂದ ಮಾವ.

"ನಿನ್ನನ್ನ ಬಿಟ್ಟಾ?"

"ಇಲ್ಲೇ ಇದ್ದು ಏನ್ ಮಾಡ್ತೀಯಾ? ನನ್ನ ಮುಖ ನೋಡ್ತೀಯಾ? ಹೋಗೇ."

ಹೋದರೆ ಬಕೆಟ್ಟಿಗೆ ಕೈಯಿಲ್ಲ. ಇದ್ದರೆ ಕಲ್ಲೆತ್ತುವವರಿಲ್ಲ. ನೀರು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾಗದೆ ನನಗೆ ಹೆಜ್ಜೆ ಏಳಲಿಲ್ಲ. ಚುಕ್ಕೆಯಿದ್ದ ಗೋಡೆ ಈಗ ಅವನ ಕಾಲ ಮೇಲಿತ್ತು. ಪಕ್ಕದ ಗೋಡೆಯನ್ನು ಕೆರೆಯಲು ಚಾಕು ಹಾಕಿದೆ, ಹಿಡಿ ಕಲ್ಲು ಉದುರಿ ಅವನ ಭುಜಕ್ಕೆ ಬಿತ್ತು. ಚಾಕು ಬಿಸಾಡಿದೆ. ಟೇಪು ಹಿಡಿದು ಮಣ್ಣಿನ ಮಟ್ಟದಿಂದ ಅವನ ಗದ್ದಕ್ಕೆ ಅಳೆದೆ. ನಲವತ್ಮೂರು. ಪುಸ್ತಕದಲ್ಲಿದ್ದದ್ದು ನಲವತ್ತೈದು. ಗದ್ದಕ್ಕಿಂತ ಎರಡು ಸೆಂಟಿಮೀಟರ್ ಕೆಳಗೇ ನೀರು ನಿಲ್ಲಬೇಕು, ಅಳತೆ ಸರಿಯಿದ್ದರೆ.

"ಮಾವ, ಬೆಳಿಗ್ಗೆ ಟೇಪು ಹಾಕಿದ್ದು ಎಲ್ಲಿಂದ? ಎಲೆ ತೆಗೆದ್ಯಾ?"

ಅವನು ನನ್ನ ಮುಖ ನೋಡಿದ. "ತೆಗೆದೆ ತಾಯಿ, ತೆಗೆದೆ."

ನಾನು ಓಡಿದೆ.

ಓಡುವಾಗ ಒಂದೇ ಭಯ ಕಚ್ಚಿಕೊಂಡಿತ್ತು. ಮಣ್ಣಿಗೆ ನೆನಪಿರುವುದು ವಾರಗಟ್ಟಲೆ ನಿಂತ ನೀರು ಮಾತ್ರ. ಒಂದು ಹೊತ್ತು ಬಂದು ಹೋಗುವ ನೀರು ಗುರುತು ಬಿಡುವುದಿಲ್ಲ. ಇವತ್ತಿನ ನೀರು ಯಾವ ಜಾತಿಯದೋ. ಬೇರಿಗೆ ಎಡವಿ ಬಿದ್ದೆ, ಮೊಣಕೈ ಕೆತ್ತಿಹೋಯಿತು. ದಿನ್ನೆಯ ತಿರುವಿನಲ್ಲಿ ಸಿಗ್ನಲ್ ಸಿಗಬಹುದೆಂದು ಫೋನ್ ತೆಗೆದೆ. ಸಿಗಲಿಲ್ಲ. ಪರದೆಯ ಮೇಲೆ ಕಡೆಯದಾಗಿ ತೆರೆದದ್ದು ಕ್ಯಾಮೆರಾ. ಆಗ ಹೊಳೆಯಿತು: ಗೋಡೆ ಕುಸಿದರೇನು, ಬೆಳಿಗ್ಗೆಯ ಫೋಟೋ ಇದೆಯಲ್ಲ!

ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದೆ. ಟೇಪಿನ ತಗಡಿನ ಕೊಕ್ಕೆ ಕಂದು ಎಲೆಯೊಂದಕ್ಕೆ ಸಿಕ್ಕಿಕೊಂಡಿತ್ತು. ಮಣ್ಣು ಶುರುವಾಗುವುದು ಅದಕ್ಕಿಂತ ಆರು ಸೆಂಟಿಮೀಟರ್ ಕೆಳಗೆ. ಅವನು ಎಲೆ ತೆಗೆದಿರಲೇ ಇಲ್ಲ.

ನಲವತ್ತೈದರಲ್ಲಿ ಆರು ಹೋದರೆ ಮೂವತ್ತೊಂಬತ್ತು. ಗದ್ದ ನಲವತ್ಮೂರರಲ್ಲಿದೆ. ನೀರು ಗದ್ದ ದಾಟಿ ನಾಲ್ಕು ಸೆಂಟಿಮೀಟರ್ ಮೇಲೇರುತ್ತದೆ. ಬಾಯಿ ಮುಳುಗುತ್ತದೆ. ಮೂಗು? ಮೂಗನ್ನು ನಾನು ಅಳೆದಿರಲಿಲ್ಲ. ನಡುದಾರಿಯಲ್ಲಿ ನಿಂತು ನನ್ನ ಗದ್ದದಿಂದ ನನ್ನ ಮೂಗಿನವರೆಗೆ ಬೆರಳಿಟ್ಟು ಅಳೆದುಕೊಂಡೆ. ನಾಲ್ಕು ಬೆರಳು. ಏಳು ಸೆಂಟಿಮೀಟರ್ ಇರಬಹುದು. ನನ್ನದು ಉದ್ದ ಮುಖ, ಅವನದು ದುಂಡು ಮುಖ. ಹಿಂದೆ ನಲವತ್ತು ನಿಮಿಷದ ದಾರಿ, ಮುಂದೆ ಇಪ್ಪತ್ತು. ಹಿಂದೆ ಹೋದರೆ ನನ್ನ ಕೈಯಲ್ಲಿರುವುದು ಬಕೆಟ್ಟು ಮಾತ್ರ. "ಸುಳ್ಳುಬುರುಕ, ಮುದಿ ಹೆಗ್ಗಣ!" ಎಂದು ಕಾಡೆಲ್ಲ ಕೇಳುವಂತೆ ಬೈಯುತ್ತ, ಅಳುತ್ತ, ಮುಂದಕ್ಕೇ ಓಡಿದೆ.

ಮೋರಿಯ ಬಳಿ ಮೇಸ್ತ್ರಿಯೂ ಮೂವರು ಆಳುಗಳೂ ಇದ್ದರು. ನಾನು ಏನು ಹೇಳಿದೆನೋ ನೆನಪಿಲ್ಲ. ಮೇಸ್ತ್ರಿ ಒಂದು ಪ್ರಶ್ನೆಯನ್ನೂ ಕೇಳದೆ ಎರಡು ಹಾರೆ, ಒಂದು ಹಗ್ಗ, ಸೆಂಟ್ರಿಂಗಿನ ಹಲಗೆ ಹೊರಿಸಿಕೊಂಡು ಹೊರಟ. ದಾರಿಯಲ್ಲಿ ಮಾತ್ರ ಒಮ್ಮೆ, "ನೀರು ಎಲ್ಲೀವರೆಗೆ ಬರುತ್ತಮ್ಮಾ?" ಎಂದ. ನಾನು ಇನ್ನೂ ಜೋರಾಗಿ ಓಡಿದೆ.

ಗುಂಡಿಯ ಹತ್ತಿರ ಬರುತ್ತಲೇ ಕೂಗಿದೆ, "ಮಾವಾ!" ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದೆ. ಹೊಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಮೇಸ್ತ್ರಿ ನನ್ನ ತೋಳು ಹಿಡಿದು, "ನೀವಿಲ್ಲೇ ಇರಿ, ನಾವು ನೋಡ್ತೀವಿ" ಎಂದ. ಕೊಸರಿಕೊಂಡು ಅಂಚಿಗೆ ಹೋಗಿ ಬಗ್ಗಿದೆ.

ಮಣ್ಣು ಕದಡಿದ ಕೆಂಪು ನೀರಿನ ಮೇಲೆ ಒಂದು ಹಣೆ, ಎರಡು ಕಣ್ಣು, ಒಂದು ಮೂಗು. ಅಷ್ಟೇ. ಬಾಯಿ ನೀರಿನ ಕೆಳಗಿತ್ತು, ಅದಕ್ಕೇ ಅವನು ಓಗೊಟ್ಟಿರಲಿಲ್ಲ. ಕಣ್ಣು ರೆಪ್ಪೆ ಬಡಿಯಿತು. ಮೂಗಿನಿಂದ ಬಂದ ಉಸಿರಿಗೆ ನೀರು ಸಣ್ಣಗೆ ಕದಲುತ್ತಿತ್ತು. ನನ್ನನ್ನು ಕಂಡದ್ದೇ ಆ ಕಣ್ಣುಗಳಲ್ಲಿ ಹೆದರಿಕೆ ತುಂಬಿತು. ಸಾವಿನ ಹೆದರಿಕೆ ಎಂದು ನಾನು ತಿಳಿದೆ.

ಹಲಗೆ ಊರಿ, ಎರಡು ಹಾರೆ ಹಾಕಿ, ನಾಲ್ಕು ಗಂಡಸರು ಕಲ್ಲು ಹೊರಳಿಸಿದರು. ನಾನು ಬೋರಲು ಮಲಗಿ ಅವನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದೆ. ನೀರು ಮೂವತ್ತೊಂಬತ್ತರಿಂದ ಮೇಲೆ ಒಂದು ಕೂದಲೆಳೆಯೂ ಏರಲಿಲ್ಲ.

ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆರು ಮಂಚದ ಕೋಣೆ. ಕಿಟಕಿಯ ಪಕ್ಕದ್ದು ಅವನದು. ಅಮ್ಮ ಬಂದವರಿಗೆಲ್ಲ ಕಣ್ಣೊರೆಸಿಕೊಂಡು ಹೇಳಿದ್ದನ್ನೇ ಹೇಳುತ್ತಿದ್ದಳು: "ನಿಜ ಹೇಳಿದ್ರೆ ಇವಳು ಬಿಟ್ಟು ಹೋಗ್ತಿರ್ಲಿಲ್ಲ. ಅದಕ್ಕೇ ನನ್ನ ತಮ್ಮ ಜೀವ ಪಣಕ್ಕಿಟ್ಟು ಸುಳ್ಳು ಹೇಳಿ ಕಳಿಸಿದ. ಎಂಥ ದೊಡ್ಡ ಮನಸ್ಸು ನೋಡಿ." ಬಂದವರು ತಲೆದೂಗುತ್ತಿದ್ದರು. ನನಗೂ ಹಾಗೇ ನಂಬಬೇಕು ಎಂದು ಆಸೆಯಿತ್ತು.

ಒಂದು ಮಧ್ಯಾಹ್ನ ಅಮ್ಮ ಔಷಧಿ ತರಲು ಕೆಳಗೆ ಹೋದಾಗ ಮಾವ ಮೆಲ್ಲಗೆ ನನ್ನ ಕಡೆ ತಿರುಗಿದ.

"ನಿಮ್ಮಮ್ಮ ಹೇಳೋ ಹಾಗಲ್ಲ ಕಣೇ ಅದು."

"ಮತ್ತೆ?"

"ನೀನು ಎಲೆ ತೆಗೆದ್ಯಾ ಅಂದೆ. ಬಾಯಿಗೆ ಬಂದದ್ದು ಅದೇ. ಅಭ್ಯಾಸ."

"ಅಂಥ ಹೊತ್ತಲ್ಲೂನಾ ಮಾವ? ಜೀವ ಹೋಗೋ ಹೊತ್ತಲ್ಲೂ?"

"ಹೊತ್ತು ಯಾವುದಾದ್ರೇನು, ಕೇಳಿದ್ದು ನೀನು ತಾನೇ." ಅವನು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಿದ್ದ. "ನೀನು ಅತ್ತ ಹೋದ್ಮೇಲೆ ನೆನಪಾಯ್ತು, ತೆಗೆದಿರ್ಲಿಲ್ಲ ಅಂತ. ಕೂಗಿದೆ. ನಿನಗೆ ಕೇಳಿಸ್ಲಿಲ್ಲ. ಆಮೇಲೆ ನೀನು ವಾಪಸ್ ಬಂದು ಬಗ್ಗಿ ನೋಡ್ದಾಗ, ಅಯ್ಯೋ, ಇವಳಿಗೆ ಗೊತ್ತಾಯ್ತು, ಈಗ ಬೈತಾಳೆ ಅಂತ..." ನಗಲು ನೋಡಿದ. ನನ್ನ ಮುಖ ಕಂಡು ನಿಲ್ಲಿಸಿದ. "ಕೋಪ ಮಾಡ್ಕೋಬೇಡ್ವೇ."

 ಮಂಚದ ಕಬ್ಬಿಣದ ಕಂಬಿ ಹಿಡಿದುಕೊಂಡು ಅಮ್ಮ ಬರುವವರೆಗೂ ನಿಂತೇ ಇದ್ದೆ.

ಎರಡು ತಿಂಗಳ ಮೇಲೆ ಹದಿಮೂರನೆಯ ಗುಂಡಿ. ಹೊಸ ಆಳು ನಡುವಯಸ್ಸಿನವನು, ಮಾತು ಕಡಿಮೆ. ಟೇಪು ಹಾಕಿ ಗುಂಡಿಯಿಂದ ಮೇಲೆ ಬಂದ. ನಾನು ಆದಷ್ಟು ಮೆತ್ತಗೆ, "ಎಲೆ ತೆಗೆದಿದ್ದೀರಾ?" ಎಂದು ಕೇಳಿದೆ.

ಅವನು ಟೇಪಿನ ಕಡೆ ತಿರುಗಲಿಲ್ಲ. ಮೊದಲು ನನ್ನ ಮುಖ ನೋಡಿದ. ಆಮೇಲೆ, "ತೆಗೆದಿದೀನಿ ಮೇಡಂ" ಎಂದ.

ನಾನು ಪುಸ್ತಕ ಕೆಳಗಿಟ್ಟು, ಮಂಡಿಯೂರಿ, ಟೇಪಿನ ತುದಿಯ ಬಳಿ ಎಲೆಗಳೊಳಗೆ ಕೈ ಹಾಕಿದೆ.