ಮೊದಲ ತುಂಡು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಅಪ್ಪನದೇ ಬಳುವಳಿ. ನ್ಯುಮೋನಿಯಾ ಆಗಿ ಅಪ್ಪ ಸಿಂಧನೂರಿನ ದವಾಖಾನೆ ಸೇರಿ ವಾರವಾಯಿತು. ಇನ್ನು ಬಿಸಿಲು, ಇಬ್ಬನಿ ಎನ್ನದೆ ಅಡವಿ ಅಲೆಯಬಾರದೆಂದು ಡಾಕ್ಟರು ಹೇಳಿದ್ದೇ ತಡ, ಗುರುಗುಂಟಾದಲ್ಲಿದ್ದ ಅವನ ಕುರಿಗಳನ್ನೆಲ್ಲ ಅವನನ್ನು ಕೇಳದೆ ಲಿಂಗಸುಗೂರಿನ ಸಂತೆಯಲ್ಲಿ ಮಾರಿಸಿಬಿಟ್ಟೆ. ಅದು ಅವನಿಗೆ ಗೊತ್ತಾಗಿ ನಾಲ್ಕು ದಿನ. ಅಂದಿನಿಂದ ನನ್ನೊಂದಿಗೆ ಮಾತಿಲ್ಲ, ನಾನು ತಂದ ರೊಟ್ಟಿ ಮುಟ್ಟಿಲ್ಲ. ಪಕ್ಕದ ಮಂಚದ ಬಾಬುಸಾಬರ ಹೆಂಡತಿ ಹಾಜಿರಾಬೀ ಕೊಟ್ಟ ಬ್ರೆಡ್ಡನ್ನು ಮಾತ್ರ ಚಹಾದಲ್ಲಿ ಅದ್ದಿ ತಿನ್ನುತ್ತಾನೆ. ಎಂಥ ಹಟಮಾರಿ!

ಮಧ್ಯಾಹ್ನ. ಫ್ಯಾನು ನಿಧಾನ ತಿರುಗುತ್ತಿತ್ತು. ಕಿಟಕಿಯಿಂದ ರೈಸ್ ಮಿಲ್ಲಿನ ಬೆಂದ ಭತ್ತದ ವಾಸನೆ ತೇಲಿಬಂದು, ವಾರ್ಡಿಗೆ ವಾರ್ಡೇ ತೂಕಡಿಸುತ್ತಿತ್ತು. ಅಪ್ಪ ಮಂಪರಿನಲ್ಲಿ ಹಿಂಡಿನ ಮುಂದಾಳು ಕುರಿಯನ್ನು ಕರೆಯುತ್ತಿದ್ದ, “ಬಾ ಚುಕ್ಕಿ, ಬಾ...” ಹಿಂಡು ಮಂಚದ ಸುತ್ತ ಬಂದು ನಿಂತಿತೇನೋ, ನನಗೂ ಗೊರಸಿನ ಸದ್ದು ಕೇಳಿದಂತಾಯಿತು.

ನಿದ್ದೆ ಓಡಿಸಲು, ನಾಳೆ ಮಸ್ಕಿಯ ನನ್ನ ಶಾಲೆಯಲ್ಲಿ ಕಲಿಸಬೇಕಾದ ಇಂಗ್ಲಿಷ್ ನುಡಿಗಟ್ಟುಗಳನ್ನು ಗಟ್ಟಿಯಾಗಿ ಓದತೊಡಗಿದೆ. ಎಲ್ಲವೂ ಬ್ರೆಡ್ಡಿನವೇ.

“ಏನು ಬೇಟಿ ಅದು?” ಎಂದರು ಹಾಜಿರಾಬೀ.

“ಇಂಗ್ಲಿಷರ ಮಾತಿನ ರೂಢಿ ಚಾಚೀ. ಬ್ರೆಡ್ ಅಂಡ್ ಬಟರ್ ಅಂದ್ರ ಹೊಟ್ಟಿಪಾಡು. ಬ್ರೆಡ್‌ವಿನ್ನರ್ ಅಂದ್ರ ದುಡದು ಮನಿ ಸಾಕಾವ.”

“ಯಾ ಅಲ್ಲಾ! ನಮ್ಮ ಕಡಿ ಬ್ರೆಡ್ ಹಿಡಕೊಂಡು ಹೊಂಟ್ರ, ಯಾರಿಗೆ ಆರಾಮಿಲ್ಲ ಅಂತ ಕೇಳ್ತಾರ. ಅವ್ರು ಅದನ್ನ ತಿಂದೇ ಬದುಕ್ಯಾರೇನು?”

ನಗು ತಡೆಯಲಾಗಲಿಲ್ಲ. ಮುಂದಿನದನ್ನು ಬೇಕೆಂದೇ ಅಪ್ಪನ ಕಡೆ ತಿರುಗಿ ಓದಿದೆ. “ಬ್ರೇಕ್ ಬ್ರೆಡ್. ಮುರಕೊಂಡು ಕೂಡಿ ಉಣ್ಣೂದು. ಹಂಗ ಉಂಡ್ರ ಮನಸು ಕೂಡ್ತಾವಂತ.”

ಅಪ್ಪ ಕಣ್ಣು ತೆರೆಯದೆಯೇ ಕೇಳಿದ, “ಮೊದಲನೇ ತುಂಡು ಅವ್ರು ಯಾರಿಗೆ ಕೊಡ್ತಾರಂತ?”

ನಾಲ್ಕು ದಿನದ ಮೇಲೆ ಬಂದ ಮಾತು! “ಅದು ಪುಸ್ತಕದಾಗ ಇಲ್ಲಪ್ಪಾ,” ಎಂದೆ.

“ರೊಟ್ಟಿ ಮುರದ್ರ ಮೊದಲ ತುಂಡು ಚುಕ್ಕಿಗೆ. ನಮ್ಮಪ್ಪನ ಕಾಲದಿಂದ್ಲೂ ಹಿಂಡಿಗೆ ಕೊಡದ ಬಾಯಿಗೆ ಇಟ್ಟಿಲ್ಲ. ಇಲ್ಲಿಗೆ ಬಂದ ಮ್ಯಾಲೂ ಮೊದಲ ತುಂಡು ಚುಕ್ಕಿಗಂತ ತಗದಿಟ್ಟೇ ಉಣ್ತಿದ್ದೆ. ಬ್ರೆಡ್ಡಂದ್ರ ಔಷಧ, ಅದಕ್ಕ ಈ ನೇಮ ಇಲ್ಲ. ನಿನ್ನ ಮ್ಯಾಲಿನ ಸಿಟ್ಟು ಅವತ್ತೇ ಇಳದೈತಿ ಬೇ, ಮಾತಾಡಾಕ ಬಾಯಿ ಬರಲಿಲ್ಲ ಅಷ್ಟ. ಆದ್ರ ರೊಟ್ಟಿ ಮುರದು ಯಾರಿಗೆ ಕೊಡ್ಲಿ?”

ನಾನು ಹಟ ಅಂದುಕೊಂಡಿದ್ದೆನಲ್ಲ! ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು. ಮಾರಿದ ಕುರಿ ವಾಪಸು ಬರುವುದಿಲ್ಲ. ಬುತ್ತಿ ಬಿಚ್ಚಿ ರೊಟ್ಟಿಯನ್ನು ಅವನ ಕೈಗಿಟ್ಟೆ. ಮಂಚದ ಪಕ್ಕ ನೆಲದ ಮೇಲೆ ಕೂತು, ಮುಖವೆತ್ತಿ ಬಾಯಿ ತೆರೆದೆ.

ಅಪ್ಪ ರೊಟ್ಟಿ ಮುರಿದ. ಮೊದಲ ತುಂಡನ್ನು ನನ್ನ ಬಾಯಿಗಿಟ್ಟು, ಚುಕ್ಕಿಗೆ ಮಾಡುವ ರೂಢಿಯಂತೆ ಕಿವಿಯ ಹಿಂದೆ ಮೆಲ್ಲಗೆ ಕೆರೆದ. ಎರಡನೆಯದನ್ನು ತಾನು ತಿಂದ.